ಮುಟ್ಟು ನಿಲ್ಲುವ ವಯಸ್ಸು ಮತ್ತು ಮನೆತನದ ಕ್ಯಾನ್ಸರ್

ಮುಟ್ಟು ನಿಲ್ಲುವ ವಿಚಾರದಲ್ಲಿ ನಮ್ಮ ಮಹಿಳೆಯರ ನಡುವೆ ಎರಡು ಬಗೆಯ ಮಾತುಗಳಿವೆ. "ನಲವತ್ತೆರಡಕ್ಕೇ ನಿಂತಿತು, ಒಳ್ಳೆಯದೇ ಆಯಿತು. ಇನ್ನು ಆ ಕಾಯಿಲೆಗಳ ಭಯವಿಲ್ಲ" ಎನ್ನುವವರು ಕೆಲವರು. "ಇಷ್ಟು ಬೇಗ ನಿಂತಿದೆ ಎಂದರೆ ಕೆಟ್ಟ ರಕ್ತ ಒಳಗೇ ಉಳಿದಿದೆ, ಮುಂದೆ ಅದೇ ಗಡ್ಡೆಯಾಗುತ್ತದೆ. ಮುಟ್ಟು ಮತ್ತೆ ಬರುವಂತೆ ಮದ್ದು ಕೊಡಿ ಹಕೀಂ ಸಾಹೇಬರೇ" ಎಂದು ದವಾಖಾನೆಗೆ ಬರುವವರು ಇನ್ನು ಕೆಲವರು. ಇವೆರಡೂ ಸರಿಯಲ್ಲ. ಮುಟ್ಟು ನಿಂತ ಮಾತ್ರಕ್ಕೆ ಯಾವ ಕ್ಯಾನ್ಸರಿನಿಂದಲೂ ಬಿಡುಗಡೆ ಸಿಗುವುದಿಲ್ಲ. ಮುಟ್ಟಿನ ರಕ್ತ ಒಳಗೆ ಉಳಿದು ಗಡ್ಡೆಯಾಗುವುದೂ ಇಲ್ಲ.

ಆದರೂ ಮುಟ್ಟು ನಿಲ್ಲುವ ವಯಸ್ಸಿಗೂ ಕೆಲವು ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಾಣಿಸಿಕೊಳ್ಳುವ ಕ್ಯಾನ್ಸರಿಗೂ ಒಂದು ನಂಟು ಇದೆ. ಕಳೆದ ಹತ್ತು-ಹದಿನೈದು ವರ್ಷಗಳಲ್ಲಿ ವಿಜ್ಞಾನಿಗಳು ಇದರ ಮೇಲೆ ಸಾಕಷ್ಟು ಕೆಲಸ ಮಾಡಿದ್ದಾರೆ. ತಾಯಿಗೆ, ಚಿಕ್ಕಮ್ಮನಿಗೆ, ಸೋದರತ್ತೆಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿರುವ ಮನೆಯವರು ಈ ನಂಟನ್ನು ಸರಿಯಾಗಿ ತಿಳಿದಿರಬೇಕು. ತಪ್ಪಾಗಿ ತಿಳಿದರೆ ಸುಮ್ಮನೆ ಹೆದರುತ್ತೇವೆ, ಇಲ್ಲವೇ ಹೆದರಬೇಕಾದ ಹೊತ್ತಿನಲ್ಲಿ ನಿಶ್ಚಿಂತೆಯಿಂದ ಇರುತ್ತೇವೆ.

ಮುಟ್ಟು ಏಕೆ ನಿಲ್ಲುತ್ತದೆ?

ಹೆಣ್ಣು ಮಗು ತನ್ನ ಜೀವಮಾನಕ್ಕೆ ಬೇಕಾದ ಅಂಡಾಣುಗಳನ್ನೆಲ್ಲ ತಾಯಿಯ ಹೊಟ್ಟೆಯಲ್ಲಿರುವಾಗಲೇ ಪಡೆದಿರುತ್ತದೆ. ಐದನೆಯ ತಿಂಗಳಿನ ಭ್ರೂಣದಲ್ಲಿ ಅರವತ್ತು-ಎಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಹುಟ್ಟುವಾಗ ಹತ್ತರಿಂದ ಇಪ್ಪತ್ತು ಲಕ್ಷ ಉಳಿದಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು-ನಾಲ್ಕು ಲಕ್ಷ. ಇವುಗಳಲ್ಲಿ ತಿಂಗಳಿಗೊಂದರಂತೆ ಹೊರಬರುವುದು ಇಡೀ ಜೀವನದಲ್ಲಿ ಸುಮಾರು ನಾನೂರು ಮಾತ್ರ. ಉಳಿದವು ತಾವಾಗಿಯೇ ಕರಗಿ ಹೋಗುತ್ತವೆ. ಸಾವಿರದಷ್ಟು ಉಳಿದಾಗ ಅಂಡಾಶಯ ಹಾರ್ಮೋನು ತಯಾರಿಸುವುದನ್ನು ನಿಲ್ಲಿಸುತ್ತದೆ, ಮುಟ್ಟೂ ನಿಲ್ಲುತ್ತದೆ.

ಸತತ ಹನ್ನೆರಡು ತಿಂಗಳು ಮುಟ್ಟು ಬರದಿದ್ದರೆ ಅದನ್ನು ಋತುಬಂಧ ಎನ್ನುತ್ತಾರೆ. ಯುನಾನಿ ಗ್ರಂಥಗಳಲ್ಲಿ ಈ ವಯಸ್ಸಿಗೆ 'ಸಿನ್ನೆ ಯಾಸ್' ಎಂಬ ಹೆಸರಿದೆ. ನಮ್ಮ ದೇಶದಲ್ಲಿ ಇದು ಸರಾಸರಿ 46ರ ಆಸುಪಾಸಿನಲ್ಲಿ ಬರುತ್ತದೆ. ಯುರೋಪ್, ಅಮೆರಿಕದಲ್ಲಿ 50-51. 45ಕ್ಕಿಂತ ಮೊದಲು ನಿಂತರೆ ಬೇಗ ನಿಂತಿತು ಎನ್ನಬಹುದು. 40ಕ್ಕಿಂತ ಮೊದಲು ನಿಂತರೆ ಅದಕ್ಕೆ ಕಾರಣ ಹುಡುಕಲೇಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಸಹಜವಾಗಿ ನಿಂತ ಮುಟ್ಟು ಬೇರೆ, ನಿಲ್ಲಿಸಿದ ಮುಟ್ಟು ಬೇರೆ. ಗರ್ಭಕೋಶ ತೆಗೆಸಿಕೊಂಡವರಿಗೆ ಮುಟ್ಟು ಬರುವುದಿಲ್ಲ, ಆದರೆ ಅಂಡಾಶಯಗಳನ್ನು ಉಳಿಸಿದ್ದರೆ ಅವು ಕೆಲಸ ಮಾಡುತ್ತಲೇ ಇರಬಹುದು. ಕ್ಯಾನ್ಸರಿಗೆ ಕೀಮೋಥೆರಪಿ ಪಡೆದವರಲ್ಲೂ ಮುಟ್ಟು ನಿಲ್ಲುವುದುಂಟು. ಈ ಲೇಖನದಲ್ಲಿ ನಾವು ಮಾತನಾಡುತ್ತಿರುವುದು ತಾನಾಗಿ ನಿಲ್ಲುವ ಮುಟ್ಟಿನ ಬಗ್ಗೆ.

ರಿಪೇರಿ ಕೆಲಸದ ಜೀನ್‌ಗಳು

ನಮ್ಮ ದೇಹದ ಪ್ರತಿಯೊಂದು ಜೀವಕೋಶದಲ್ಲೂ ಡಿಎನ್‌ಎ ಎಂಬ ಉದ್ದನೆಯ ಎಳೆ ಇದೆ. ದೇಹದ ಕೆಲಸಗಳಿಗೆ ಬೇಕಾದ ಸೂಚನೆಗಳೆಲ್ಲ ಅದರಲ್ಲಿವೆ. ಒಂದೊಂದು ಸೂಚನೆಯನ್ನು ಒಂದು ಜೀನ್ ಅಥವಾ ವಂಶವಾಹಿ ಎನ್ನಬಹುದು. ಈ ಎಳೆಗೆ ದಿನವೂ ಪೆಟ್ಟಾಗುತ್ತಿರುತ್ತದೆ, ಕೆಲವೊಮ್ಮೆ ತುಂಡಾಗುವುದೂ ಉಂಟು. ಅದನ್ನು ಸರಿಯಾಗಿ ಜೋಡಿಸಲು ದೇಹದಲ್ಲೇ ವ್ಯವಸ್ಥೆ ಇದೆ. ಆ ರಿಪೇರಿ ಕೆಲಸದಲ್ಲಿ ಮುಖ್ಯವಾದ ಎರಡು ಜೀನ್‌ಗಳೇ ಬಿಆರ್‌ಸಿಎ-1 ಮತ್ತು ಬಿಆರ್‌ಸಿಎ-2.

1990ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ-ಕ್ಲೇರ್ ಕಿಂಗ್ ಮತ್ತು ಅವರ ತಂಡ, ಕೆಲವು ಕುಟುಂಬಗಳಲ್ಲಿ ಎಳೆಯ ವಯಸ್ಸಿಗೇ ಬರುವ ಸ್ತನ ಕ್ಯಾನ್ಸರಿನ ಮೂಲ 17ನೇ ವರ್ಣತಂತುವಿನಲ್ಲಿದೆ ಎಂದು ತೋರಿಸಿಕೊಟ್ಟಿತು. 1994ರಲ್ಲಿ ಬಿಆರ್‌ಸಿಎ-1 ಜೀನನ್ನೂ, ಮರುವರ್ಷ 13ನೇ ವರ್ಣತಂತುವಿನಲ್ಲಿರುವ ಬಿಆರ್‌ಸಿಎ-2 ಜೀನನ್ನೂ ಗುರುತಿಸಲಾಯಿತು.

ಈ ಜೀನ್‌ಗಳು ಎಲ್ಲರಲ್ಲೂ ಇರುತ್ತವೆ. ತಾಯಿಯಿಂದ ಒಂದು ಪ್ರತಿ, ತಂದೆಯಿಂದ ಒಂದು ಪ್ರತಿ. ಅವು ಸರಿಯಾಗಿದ್ದರೆ ನಮ್ಮನ್ನು ಕಾಯುತ್ತವೆ. ಒಂದು ಪ್ರತಿಯಲ್ಲಿ ಹುಟ್ಟಿನಿಂದಲೇ ದೋಷವಿದ್ದರೆ ತೊಂದರೆ ಶುರುವಾಗುತ್ತದೆ. ಉಳಿದ ಒಂದೇ ಪ್ರತಿ ಕೆಲಸ ನಡೆಸುತ್ತದೆ. ಎಲ್ಲೋ ಒಂದು ಜೀವಕೋಶದಲ್ಲಿ ಅದೂ ಕೆಟ್ಟರೆ ರಿಪೇರಿ ನಿಂತು, ಕ್ಯಾನ್ಸರಿಗೆ ದಾರಿಯಾಗುತ್ತದೆ.

ಅಪಾಯ ಎಷ್ಟು? 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಂತಾರಾಷ್ಟ್ರೀಯ ಅಧ್ಯಯನದ ಪ್ರಕಾರ, 80 ವಯಸ್ಸಿನೊಳಗೆ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಬಿಆರ್‌ಸಿಎ-1 ದೋಷವಿರುವ ಮಹಿಳೆಯರಲ್ಲಿ ನೂರಕ್ಕೆ 72, ಬಿಆರ್‌ಸಿಎ-2 ದೋಷವಿರುವವರಲ್ಲಿ ನೂರಕ್ಕೆ 69. ಅಂಡಾಶಯದ ಕ್ಯಾನ್ಸರ್ ಕ್ರಮವಾಗಿ ನೂರಕ್ಕೆ 44 ಮತ್ತು 17. ಪಾಶ್ಚಾತ್ಯ ದೇಶಗಳ ಸಾಮಾನ್ಯ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಸಾಧ್ಯತೆ ನೂರಕ್ಕೆ 12ರಷ್ಟು, ಅಂಡಾಶಯದ್ದು ನೂರಕ್ಕೆ ಒಂದರ ಆಸುಪಾಸು. ನಮ್ಮ ದೇಶದ ಸಾಮಾನ್ಯ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಅದಕ್ಕಿಂತಲೂ ಬಹಳ ಕಡಿಮೆ.

ಈ ಅಂಕಿಗಳನ್ನು ನೋಡಿ ಗಾಬರಿಯಾಗಬೇಡಿ. ಸ್ತನ ಕ್ಯಾನ್ಸರ್ ಬಂದ ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿಗೆ ಮಾತ್ರ ಅದು ಹೀಗೆ ವಂಶದ ಜೀನ್ ದೋಷದಿಂದ ಬಂದಿರುತ್ತದೆ. ಉಳಿದವರಲ್ಲಿ ಕಾರಣಗಳು ಬೇರೆ.

ಅಂಡಾಶಯಕ್ಕೂ ಈ ಜೀನ್‌ಗೂ ಏನು ಸಂಬಂಧ?

ಅಂಡಾಣುಗಳು ದೇಹದ ಬೇರೆ ಜೀವಕೋಶಗಳಂತೆ ಹೊಸದಾಗಿ ಹುಟ್ಟುವುದಿಲ್ಲ. 35 ವಯಸ್ಸಿನ ಮಹಿಳೆಯ ಅಂಡಾಣುವಿಗೆ ಅವಳಿಗಿಂತಲೂ ತುಸು ಹೆಚ್ಚೇ ವಯಸ್ಸಾಗಿರುತ್ತದೆ. ಅಷ್ಟೂ ವರ್ಷ ಅದರ ಡಿಎನ್‌ಎಗೆ ಆದ ಪೆಟ್ಟುಗಳನ್ನು ರಿಪೇರಿ ಮಾಡುತ್ತಾ ಬರಬೇಕು. ರಿಪೇರಿ ಸರಿಯಾಗಿ ಆಗದ ಅಂಡಾಣುವನ್ನು ದೇಹವೇ ನಾಶಮಾಡುತ್ತದೆ. ಹೀಗಾಗಿ ರಿಪೇರಿಯ ಜೀನ್ ದುರ್ಬಲವಾಗಿದ್ದರೆ ಅಂಡಾಣುಗಳ ದಾಸ್ತಾನು ಸ್ವಲ್ಪ ಬೇಗನೆ ಖಾಲಿಯಾಗಬೇಕು ಎಂಬುದು ತರ್ಕ. 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇಲಿಗಳಲ್ಲೂ ಮನುಷ್ಯರ ಅಂಡಾಣುಗಳಲ್ಲೂ ಇದಕ್ಕೆ ಆಧಾರ ತೋರಿಸಿತು.

ನಿಜ ಜೀವನದಲ್ಲಿ ಎಷ್ಟು ವ್ಯತ್ಯಾಸ ಕಂಡಿದೆ? ಅದೇ ವರ್ಷ ಉತ್ತರ ಕ್ಯಾಲಿಫೋರ್ನಿಯಾದ ವೈದ್ಯರು, ಜೀನ್ ದೋಷವಿರುವ 382 ಮಹಿಳೆಯರನ್ನು ಅದೇ ಪ್ರದೇಶದ 765 ಸಾಮಾನ್ಯ ಮಹಿಳೆಯರೊಂದಿಗೆ ಹೋಲಿಸಿ ನೋಡಿದರು. ಜೀನ್ ದೋಷವಿದ್ದವರಲ್ಲಿ ಮುಟ್ಟು ನಿಂತ ವಯಸ್ಸು 50, ಉಳಿದವರಲ್ಲಿ 53. ಜೀನ್ ದೋಷದ ಜೊತೆಗೆ ದಿನಕ್ಕೆ ಇಪ್ಪತ್ತಕ್ಕಿಂತ ಕಡಿಮೆಯಿಲ್ಲದಂತೆ ಸಿಗರೇಟ್ ಸೇದುವ ಅಭ್ಯಾಸವೂ ಇದ್ದವರಲ್ಲಿ 46ಕ್ಕೇ ನಿಂತಿತ್ತು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ವ್ಯತ್ಯಾಸ ಇನ್ನೂ ಚಿಕ್ಕದು. ಬಿಆರ್‌ಸಿಎ-1 ದೋಷವಿದ್ದವರಲ್ಲಿ ಸರಾಸರಿ 48.8, ಬಿಆರ್‌ಸಿಎ-2ರಲ್ಲಿ 49.2, ದೋಷವಿಲ್ಲದವರಲ್ಲಿ 50.3. ಆಸ್ಟ್ರೇಲಿಯಾದಲ್ಲಿ ಜೀನ್ ದೋಷವಿರುವವರನ್ನು ಅವರದೇ ಕುಟುಂಬದ, ದೋಷವಿಲ್ಲದ ಮಹಿಳೆಯರೊಂದಿಗೆ ಹೋಲಿಸಿದಾಗ ವ್ಯತ್ಯಾಸವೇ ಕಾಣಲಿಲ್ಲ.

ಒಂದೊಂದು ಅಧ್ಯಯನ ಒಂದೊಂದು ಹೇಳಲು ಕಾರಣವಿದೆ. ಜೀನ್ ದೋಷ ಇದೆಯೆಂದು ಗೊತ್ತಾದ ಎಷ್ಟೋ ಮಹಿಳೆಯರು ಮುಟ್ಟು ತಾನಾಗಿ ನಿಲ್ಲುವ ಮೊದಲೇ ಮುನ್ನೆಚ್ಚರಿಕೆಯಾಗಿ ಅಂಡಾಶಯ ತೆಗೆಸಿಕೊಳ್ಳುತ್ತಾರೆ. ಅವರಿಗೆ ಸಹಜವಾಗಿ ಯಾವಾಗ ನಿಲ್ಲುತ್ತಿತ್ತೆಂದು ಹೇಳಲು ಬರುವುದಿಲ್ಲ. ಯಾರನ್ನು ಯಾರೊಂದಿಗೆ ಹೋಲಿಸಿದರು ಎಂಬುದೂ ಮುಖ್ಯ. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಹೇಳಬಹುದಾದದ್ದು ಇಷ್ಟು: ವ್ಯತ್ಯಾಸ ಇದ್ದರೂ ಅದು ಸಾಮಾನ್ಯವಾಗಿ ಒಂದೆರಡು ವರ್ಷ, ಹೆಚ್ಚೆಂದರೆ ಮೂರು ವರ್ಷ.

ಇನ್ನೊಂದು ಕುತೂಹಲದ ವಿಷಯವಿದೆ. 2021ರಲ್ಲಿ ಸುಮಾರು ಎರಡು ಲಕ್ಷ ಮಹಿಳೆಯರ ಜೀನ್‌ಗಳನ್ನು ಪರಿಶೀಲಿಸಿ, ಮುಟ್ಟು ನಿಲ್ಲುವ ವಯಸ್ಸಿನ ಮೇಲೆ ಪ್ರಭಾವ ಬೀರುವ 290 ತಾಣಗಳನ್ನು ವಿಜ್ಞಾನಿಗಳು ಗುರುತಿಸಿದರು. ಅವುಗಳಲ್ಲಿ ಹಲವು ಇದೇ ಡಿಎನ್‌ಎ ರಿಪೇರಿಗೆ ಸಂಬಂಧಿಸಿದವು. 'ಚೆಕ್-2' ಎಂಬ ಜೀನಿನ ಒಂದು ಪ್ರತಿ ಕೆಟ್ಟಿದ್ದರೆ ಮುಟ್ಟು ಸುಮಾರು ಮೂರೂವರೆ ವರ್ಷ ತಡವಾಗಿ ನಿಲ್ಲುತ್ತದೆ. ಕೆಟ್ಟ ಅಂಡಾಣುವನ್ನು ನಾಶಮಾಡಲು ಸೂಚನೆ ಕೊಡುವುದೇ ಈ ಜೀನಿನ ಕೆಲಸ. ಅದು ದುರ್ಬಲವಾದರೆ ಅಂಡಾಣುಗಳು ಹೆಚ್ಚು ಕಾಲ ಉಳಿಯುತ್ತವೆ. ಆದರೆ ಚೆಕ್-2 ದೋಷವಿರುವವರಿಗೂ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚೇ. ಒಂದು ದೋಷ ಮುಟ್ಟನ್ನು ಬೇಗ ನಿಲ್ಲಿಸುತ್ತದೆ, ಇನ್ನೊಂದು ತಡವಾಗಿಸುತ್ತದೆ, ಅಪಾಯ ಮಾತ್ರ ಎರಡರಲ್ಲೂ ಇದೆ. ಆದ್ದರಿಂದ ಮುಟ್ಟು ನಿಂತ ವಯಸ್ಸನ್ನು ನೋಡಿ ಕ್ಯಾನ್ಸರ್ ಜೀನ್ ಇದೆ ಅಥವಾ ಇಲ್ಲ ಎಂದು ಯಾರೂ ಹೇಳಲು ಸಾಧ್ಯವಿಲ್ಲ. ಬೇಗ ನಿಲ್ಲುವುದಕ್ಕೆ ಧೂಮಪಾನ, ದೇಹದ ರೋಗನಿರೋಧಕ ಶಕ್ತಿಯ ಏರುಪೇರು, ಬೇರೆ ಜೀನ್‌ಗಳು, ಹಿಂದೆ ಪಡೆದ ಚಿಕಿತ್ಸೆಗಳು ಹೀಗೆ ಅನೇಕ ಕಾರಣಗಳಿರುತ್ತವೆ.

ಬೇಗ ನಿಂತರೆ ರಕ್ಷಣೆ ಸಿಕ್ಕಿತೇ?

ಸಾಮಾನ್ಯ ಮಹಿಳೆಯರಲ್ಲಿ ಮುಟ್ಟು ತಡವಾಗಿ ನಿಂತಷ್ಟೂ ಸ್ತನ ಕ್ಯಾನ್ಸರಿನ ಅಪಾಯ ತುಸು ಏರುತ್ತದೆ. 2012ರಲ್ಲಿ 117 ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ, ಮುಟ್ಟು ನಿಲ್ಲುವುದು ಒಂದೊಂದು ವರ್ಷ ತಡವಾದರೂ ಅಪಾಯ ಶೇಕಡಾ ಮೂರರಷ್ಟು ಹೆಚ್ಚುತ್ತದೆ ಎಂದು ಕಂಡುಬಂತು. "ಬೇಗ ನಿಂತದ್ದು ಒಳ್ಳೆಯದಾಯಿತು" ಎಂಬ ಮಾತಿನಲ್ಲಿ ಇಷ್ಟು ಮಟ್ಟಿಗೆ ಸತ್ಯವಿದೆ.

ಆದರೆ ಲೆಕ್ಕ ನೋಡಿ. ಮುಟ್ಟು ಎರಡು ವರ್ಷ ಮೊದಲೇ ನಿಂತರೆ ಇರುವ ಅಪಾಯದಲ್ಲಿ ಶೇಕಡಾ ಐದಾರು ಪಾಲು ತಗ್ಗಬಹುದು. ಜೀನ್ ದೋಷ ಅದೇ ಅಪಾಯವನ್ನು ಹಲವು ಪಟ್ಟು ಏರಿಸುತ್ತದೆ. ಒಂದು ಬಿಂದಿಗೆ ನೀರಿನಿಂದ ಒಂದು ಲೋಟ ತೆಗೆದಂತೆ ಅಷ್ಟೆ. ಇದಲ್ಲದೆ ಈ ಮಹಿಳೆಯರಿಗೆ ಮುಟ್ಟು ನಿಲ್ಲುವ ಮೊದಲೇ, ಮೂವತ್ತು-ನಲವತ್ತರ ವಯಸ್ಸಿನಲ್ಲೇ ಸ್ತನ ಕ್ಯಾನ್ಸರ್ ಬರುವುದು ಸಾಮಾನ್ಯ. ಅಂಡಾಶಯದ ಕ್ಯಾನ್ಸರ್ ನಲವತ್ತರ ನಂತರ, ಮುಟ್ಟು ನಿಂತ ಮೇಲೂ ಬರುತ್ತದೆ. ಅಂಡಾಣು ಮುಗಿದರೂ ಅಂಡಾಶಯ ಮತ್ತು ಅಂಡನಾಳಗಳು ದೇಹದಲ್ಲೇ ಇರುತ್ತವಲ್ಲ.

ಮನೆತನದ ಚರಿತ್ರೆ ಕೇಳಿ ಬರೆದಿಡಿ

ಜೀನ್ ದೋಷದ ಸುಳಿವು ಸಿಗುವುದು ಮುಟ್ಟಿನ ಲೆಕ್ಕದಲ್ಲಲ್ಲ, ಮನೆತನದ ಚರಿತ್ರೆಯಲ್ಲಿ. ನಮ್ಮ ಮನೆಗಳಲ್ಲಿ ಅದನ್ನು ಕೇಳಿ ತಿಳಿಯುವುದು ಸುಲಭವಲ್ಲ. "ನಾನಿ ಹೇಗೆ ತೀರಿಕೊಂಡರು?" ಎಂದರೆ "ಹೊಟ್ಟೆನೋವಿನಲ್ಲಿ" ಎಂಬ ಉತ್ತರ ಬರುತ್ತದೆ. ಅದು ಹೊಟ್ಟೆಯಲ್ಲಿ ನೀರು ತುಂಬಿಸುವ ಅಂಡಾಶಯದ ಕ್ಯಾನ್ಸರೇ ಆಗಿದ್ದಿರಬಹುದು. "ಖಾಲಾಗೆ ಎದೆಯಲ್ಲಿ ಗಂಟಿತ್ತು" ಎಂದು ಪಿಸುಮಾತಿನಲ್ಲಿ ಹೇಳಿ, ಹೊರಗೆ ಹೇಳಬೇಡ ಎನ್ನುತ್ತಾರೆ. ಹುಡುಗಿಯರ ಸಂಬಂಧಕ್ಕೆ ಅಡ್ಡಿಯಾದೀತು ಎಂಬ ಭಯ. ಊರಿಗೆಲ್ಲ ಹೇಳಬೇಕೆಂದಿಲ್ಲ. ಆದರೆ ಮನೆಯ ಹೆಣ್ಣುಮಕ್ಕಳಿಂದಲೇ ಮುಚ್ಚಿಟ್ಟರೆ, ಮೊದಲೇ ಎಚ್ಚರಾಗುವ ಅವಕಾಶ ಅವರ ಕೈತಪ್ಪುತ್ತದೆ.

ತಂದೆಯ ಕಡೆಯನ್ನೂ ಕೇಳಿ. ಸ್ತನ, ಅಂಡಾಶಯದ ವಿಷಯವಾದ್ದರಿಂದ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಇದು ತಪ್ಪು. ದೋಷವಿರುವುದು ತಂದೆಯಲ್ಲಾಗಲಿ ತಾಯಿಯಲ್ಲಾಗಲಿ, ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ದಾದಿಗೆ ಅಥವಾ ಫುಫುಗೆ ಕ್ಯಾನ್ಸರ್ ಬಂದಿದ್ದರೆ ಅದು ನಿಮ್ಮ ಅಬ್ಬಾನ ಮೂಲಕ ನಿಮಗೆ ಬಂದಿರಬಹುದು, ಅಬ್ಬಾಗೆ ಯಾವ ತೊಂದರೆಯೂ ಕಾಣದೆ ಇರಬಹುದು. ಗಂಡಸರೂ ಪೂರ್ತಿ ಸುರಕ್ಷಿತರಲ್ಲ. ಬಿಆರ್‌ಸಿಎ-2 ದೋಷವಿದ್ದರೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಮತ್ತು ಗಂಡಸರ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ.

ಮುಟ್ಟು ನಿಂತ ವಯಸ್ಸನ್ನು ಕೇಳುವಾಗ "ತಾನಾಗಿ ನಿಂತಿತೇ, ಆಪರೇಷನ್ ಆಗಿತ್ತೇ?" ಎಂದು ತಪ್ಪದೆ ಕೇಳಿ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮೂವತ್ತೈದರ ಒಳಗೇ ಗರ್ಭಕೋಶ ತೆಗೆಸಿಕೊಂಡ ಮಹಿಳೆಯರು ಕಡಿಮೆಯೇನಿಲ್ಲ. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ "ತೆಗೆಸಿಬಿಡಿ, ಇಲ್ಲದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿದ್ದೂ ಉಂಟು. ಗರ್ಭಕೋಶ ತೆಗೆಸಿದರೆ ಅಂಡಾಶಯದ ಕ್ಯಾನ್ಸರಾಗಲಿ ಸ್ತನದ ಕ್ಯಾನ್ಸರಾಗಲಿ ತಪ್ಪುವುದಿಲ್ಲ. ಆಪರೇಷನ್ ಆಗಿದ್ದರೆ ಏನೇನು ತೆಗೆದರು, ಏಕೆ ತೆಗೆದರು, ತೆಗೆದ ಭಾಗದ ಪರೀಕ್ಷೆಯ ವರದಿ ಏನು ಹೇಳಿತು ಎಂಬ ಕಾಗದಗಳನ್ನು ಜೋಪಾನವಾಗಿಡಿ.

ಈ ಕೆಳಗಿನ ಯಾವುದಾದರೂ ನಿಮ್ಮ ಮನೆತನದಲ್ಲಿದ್ದರೆ ತಜ್ಞರ ಸಲಹೆ ಪಡೆಯಿರಿ:

* ಐವತ್ತಕ್ಕಿಂತ ಮೊದಲೇ ಯಾರಿಗಾದರೂ ಸ್ತನ ಕ್ಯಾನ್ಸರ್ ಬಂದಿದ್ದರೆ
* ಯಾವ ವಯಸ್ಸಿನಲ್ಲೇ ಆಗಲಿ, ಯಾರಿಗಾದರೂ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ
* ಒಬ್ಬರಿಗೇ ಎರಡೂ ಸ್ತನಗಳಲ್ಲಿ, ಅಥವಾ ಸ್ತನ ಮತ್ತು ಅಂಡಾಶಯ ಎರಡರಲ್ಲೂ ಕ್ಯಾನ್ಸರ್ ಬಂದಿದ್ದರೆ
* ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ
* ಒಂದೇ ಕಡೆಯ ಇಬ್ಬರು-ಮೂವರಿಗೆ ಸ್ತನ, ಅಂಡಾಶಯ, ಪ್ರಾಸ್ಟೇಟ್ ಅಥವಾ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂದಿದ್ದರೆ
* ಗರ್ಭಕೋಶದ ಒಳಪದರ ಮತ್ತು ದೊಡ್ಡಕರುಳಿನ ಕ್ಯಾನ್ಸರ್ ಒಂದೇ ಮನೆತನದಲ್ಲಿ ಹಲವರಿಗೆ ಬಂದಿದ್ದರೆ (ಇದು 'ಲಿಂಚ್ ಸಿಂಡ್ರೋಮ್' ಎಂಬ ಬೇರೆಯೇ ಜೀನ್ ದೋಷದ ಗುರುತಾಗಿರಬಹುದು)

ರಕ್ತಸಂಬಂಧದಲ್ಲಿ ಮದುವೆ

ಅಣ್ಣ-ತಂಗಿಯರ ಮಕ್ಕಳ ನಡುವೆ ಮದುವೆ ನಮ್ಮಲ್ಲೂ ಇದೆ, ಕರ್ನಾಟಕದ ಇತರ ಅನೇಕ ಸಮುದಾಯಗಳಲ್ಲೂ ಇದೆ. ಬಿಆರ್‌ಸಿಎ ದೋಷದಿಂದ ಅಪಾಯ ಬರಲು ಒಂದೇ ಪ್ರತಿ ಕೆಟ್ಟರೆ ಸಾಕು, ಅದಕ್ಕೆ ಸಂಬಂಧದಲ್ಲಿ ಮದುವೆಯಾಗಿರಬೇಕೆಂದಿಲ್ಲ. ಆದರೆ ಅಂಥ ಮನೆತನದಲ್ಲಿ ಸಂಬಂಧದೊಳಗೇ ಮದುವೆಯಾದರೆ ಗಂಡ-ಹೆಂಡತಿ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಹೆಚ್ಚು. ಇಬ್ಬರಲ್ಲೂ ಬಿಆರ್‌ಸಿಎ-2 ದೋಷವಿದ್ದು ಮಗುವಿಗೆ ಎರಡೂ ಕೆಟ್ಟ ಪ್ರತಿಗಳೇ ಬಂದರೆ 'ಫ್ಯಾಂಕೋನಿ ಅನೀಮಿಯಾ' ಎಂಬ ಕಠಿಣ ಕಾಯಿಲೆ ಬರುತ್ತದೆ. ಮೂಳೆಮಜ್ಜೆ ರಕ್ತ ತಯಾರಿಸುವುದನ್ನು ನಿಲ್ಲಿಸುತ್ತದೆ, ಬಾಲ್ಯದಲ್ಲೇ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಪ್ರತಿ ಬಸಿರಿನಲ್ಲೂ ಈ ಸಾಧ್ಯತೆ ನಾಲ್ಕರಲ್ಲಿ ಒಂದು. ಮನೆತನದಲ್ಲಿ ಇಂಥ ಕ್ಯಾನ್ಸರ್ ಇದ್ದು, ಸಂಬಂಧದೊಳಗೆ ನಿಕಾಹ್ ನಿಶ್ಚಯಿಸುವ ಮಾತು ನಡೆದಿದ್ದರೆ, ಅದಕ್ಕೆ ಮೊದಲು ಸಲಹೆ ಪಡೆಯುವುದು ಲೇಸು.

ಪರೀಕ್ಷೆ ಹೇಗೆ, ಎಲ್ಲಿ?

ಪರೀಕ್ಷೆಗೆ ಬೇಕಾದದ್ದು ಒಂದಿಷ್ಟು ರಕ್ತ ಅಥವಾ ಜೊಲ್ಲು. ಆದರೆ ನೇರವಾಗಿ ಲ್ಯಾಬಿಗೆ ಹೋಗಿ ಸಾವಿರಾರು ರೂಪಾಯಿ ಸುರಿಯಬೇಡಿ. ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಎಂಬ ಸಮಾಲೋಚನೆ ಪಡೆಯಬೇಕು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ, ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಹೊತ್ತಿರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ತಜ್ಞರಲ್ಲಿ ಮೊದಲು ವಿಚಾರಿಸಬಹುದು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನಲ್ಲಿ ಜೆನೆಟಿಕ್ಸ್ ವಿಭಾಗವಿದೆ. ನಿಮ್ಮ ಊರಿನ ಹತ್ತಿರದ ಕ್ಯಾನ್ಸರ್ ತಜ್ಞರೂ ದಾರಿ ತೋರಿಸುತ್ತಾರೆ.

ಸಾಧ್ಯವಾದರೆ ಮನೆಯಲ್ಲಿ ಕ್ಯಾನ್ಸರ್ ಬಂದಿರುವ ವ್ಯಕ್ತಿಗೇ ಮೊದಲು ಪರೀಕ್ಷೆ ಮಾಡಿಸಬೇಕು. ಅವರಲ್ಲಿ ದೋಷ ಸಿಕ್ಕಿದರೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು, ಖರ್ಚೂ ಕಡಿಮೆ, ಉತ್ತರವೂ ಸ್ಪಷ್ಟ. ಕೆಲವೊಮ್ಮೆ "ಬದಲಾವಣೆ ಇದೆ, ಆದರೆ ಅದರ ಅರ್ಥ ಖಚಿತವಿಲ್ಲ" ಎಂಬ ವರದಿ ಬರುತ್ತದೆ. ಅಂಥ ವರದಿಯನ್ನು ಹಿಡಿದು ಯಾವ ಆಪರೇಷನ್ನಿಗೂ ಹೋಗಬಾರದು.

ದೋಷ ಇದೆ ಎಂದು ಗೊತ್ತಾದರೆ

ಅದು ಕ್ಯಾನ್ಸರ್ ಬಂದಿದೆ ಎಂಬ ಸುದ್ದಿಯಲ್ಲ, ಬರುವ ಮೊದಲೇ ಸಿಕ್ಕಿದ ಸೂಚನೆ. ಸ್ತನದ ವಿಷಯದಲ್ಲಿ 25ರಿಂದ ವರ್ಷಕ್ಕೊಮ್ಮೆ ಎಂಆರ್‌ಐ, 30ರ ನಂತರ ಜೊತೆಗೆ ಮ್ಯಾಮೋಗ್ರಾಮ್ ಮಾಡಿಸಬೇಕೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ಕೆಲವರು ಮುನ್ನೆಚ್ಚರಿಕೆಯಾಗಿ ಸ್ತನಗಳನ್ನೇ ತೆಗೆಸಿಕೊಳ್ಳುತ್ತಾರೆ, ಅದು ಅವರವರ ಆಯ್ಕೆ.

ಅಂಡಾಶಯದ ಮಾತು ಬೇರೆ. ಅಲ್ಲಿನ ಕ್ಯಾನ್ಸರನ್ನು ಆರಂಭದಲ್ಲೇ ಹಿಡಿದು ಜೀವ ಉಳಿಸುವಂಥ ನಂಬಿಕಸ್ಥ ಪರೀಕ್ಷೆ ಇಲ್ಲ. ಆದ್ದರಿಂದ ಮಕ್ಕಳಾದ ಮೇಲೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಳ್ಳಲು ಸಲಹೆ ಮಾಡುತ್ತಾರೆ. ಬಿಆರ್‌ಸಿಎ-1 ದೋಷವಿದ್ದರೆ 35ರಿಂದ 40ರ ನಡುವೆ, ಬಿಆರ್‌ಸಿಎ-2 ಇದ್ದರೆ 40ರಿಂದ 45ರ ನಡುವೆ. ಇದರಿಂದ ಅಂಡಾಶಯದ ಕ್ಯಾನ್ಸರಿನ ಅಪಾಯ ಶೇಕಡಾ 80ರಷ್ಟು ತಗ್ಗುತ್ತದೆ. "ಹೇಗೂ ಮುಟ್ಟು ನಿಂತಿದೆಯಲ್ಲ, ಇನ್ನೇಕೆ ತೆಗೆಸಬೇಕು?" ಎಂದು ಈ ಸಲಹೆಯನ್ನು ತಳ್ಳಿಹಾಕಬೇಡಿ.

ಮಕ್ಕಳ ವಿಷಯದಲ್ಲಿ ಆತಂಕ ಬೇಡ. ಮುಟ್ಟು 48.8 ಮತ್ತು 50.3ಕ್ಕೆ ನಿಂತ ಲೆಕ್ಕ ಕೊಟ್ಟ ಅಧ್ಯಯನದಲ್ಲೇ, ಜೀನ್ ದೋಷವಿದ್ದವರಿಗೂ ಇಲ್ಲದವರಿಗೂ ಮಕ್ಕಳ ಸಂಖ್ಯೆಯಲ್ಲಿ ವ್ಯತ್ಯಾಸವಿರಲಿಲ್ಲ. ದೋಷವಿರುವ ಹೆಣ್ಣುಮಗಳು ಬಂಜೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಆದರೆ ಬಿಆರ್‌ಸಿಎ-1 ದೋಷವಿದ್ದವರ ಅಂಡಾಣು ದಾಸ್ತಾನು ಅವರಿಗಿಂತ ಎರಡು ವರ್ಷ ದೊಡ್ಡವರಿಗೆ ಇರುವಷ್ಟು ಕಂಡುಬಂದಿದೆ. ಅಂಡಾಶಯ ತೆಗೆಸಬೇಕಾದ ವಯಸ್ಸೂ ಹತ್ತಿರದಲ್ಲಿರುತ್ತದೆ. ಹಾಗಾಗಿ ಮಕ್ಕಳನ್ನು ಬಯಸುವವರು ಬಹಳ ಕಾಲ ಮುಂದೂಡದೆ ಗಂಡನೊಂದಿಗೂ ವೈದ್ಯರೊಂದಿಗೂ ಮಾತನಾಡಿ ನಿರ್ಧರಿಸಬೇಕು.

ಅಂಡಾಶಯ ತೆಗೆಸಿದ ಮರುದಿನದಿಂದಲೇ ಋತುಬಂಧ ಶುರುವಾಗುತ್ತದೆ. ಸಹಜವಾಗಿ ನಿಂತಾಗ ಮೆಲ್ಲಗೆ ಬರುವ ಬಿಸಿಹಬೆ, ಬೆವರು, ನಿದ್ದೆಗೇಡು ಇಲ್ಲಿ ಒಮ್ಮೆಲೇ ಬರುತ್ತವೆ. ಮೂಳೆ ಮತ್ತು ಹೃದಯದ ಕಾಳಜಿಯೂ ಬೇಕು. ಸ್ತನ ಕ್ಯಾನ್ಸರ್ ಬಂದಿರದವರಿಗೆ ಸಹಜ ಋತುಬಂಧದ ವಯಸ್ಸಿನವರೆಗೆ ಹಾರ್ಮೋನು ಮಾತ್ರೆ ಕೊಡಬಹುದೇ ಎಂಬುದನ್ನು ತಜ್ಞರೇ ತೀರ್ಮಾನಿಸುತ್ತಾರೆ. ಆಪರೇಷನ್ನಿಗೆ ಮೊದಲೇ ಈ ಮಾತು ಕೇಳಿಕೊಳ್ಳಿ.

ಯುನಾನಿ ಏನು ಮಾಡಬಲ್ಲದು?

ನಾನು ಯುನಾನಿ ವೈದ್ಯ. ಆದ್ದರಿಂದ ಇದನ್ನು ನೇರವಾಗಿಯೇ ಹೇಳುತ್ತೇನೆ. ಹುಟ್ಟಿನಿಂದ ಬಂದ ಜೀನ್ ದೋಷವನ್ನು ಸರಿಪಡಿಸುವ ಯಾವ ಮಾಜೂನು, ಯಾವ ಅರ್ಕ್, ಯಾವ ಖಮೀರವೂ ಇಲ್ಲ. ಹಾಗೆ ಕೊಡುತ್ತೇನೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಅಂಡಾಣು ಮುಗಿದು ನಿಂತ ಮುಟ್ಟನ್ನು ಮದ್ದಿನಿಂದ ಮರಳಿ ತರಲೂ ಆಗುವುದಿಲ್ಲ. ಮುಟ್ಟು ಬರಿಸುವ 'ಮುದಿರ್' ಔಷಧಿಗಳನ್ನು ಪರೀಕ್ಷೆಯಿಲ್ಲದೆ ತಾವಾಗಿ ಸೇವಿಸುವುದು ಅಪಾಯ. ಮುಟ್ಟು ನಿಂತದ್ದು ಬಸಿರಿನಿಂದಲೂ ಆಗಿರಬಹುದು.

ಸ್ತನ ಕ್ಯಾನ್ಸರ್ ಬಂದವರು, ಜೀನ್ ದೋಷ ಇರುವವರು ಶತಾವರಿಯಂಥ, ಹಾರ್ಮೋನಿನ ಪರಿಣಾಮ ಇರಬಹುದಾದ ಮೂಲಿಕೆಗಳನ್ನು ಕ್ಯಾನ್ಸರ್ ತಜ್ಞರಿಗೆ ತಿಳಿಸದೆ ತೆಗೆದುಕೊಳ್ಳಬಾರದು. ಹಕೀಮರಿಗೂ ನಿಮ್ಮ ಮನೆತನದ ಚರಿತ್ರೆಯನ್ನು ಹೇಳಿ.

ನಮ್ಮ ಪದ್ಧತಿಯ ಬಲ ಇರುವುದು ಬೇರೆ ಕಡೆ. ಗಾಳಿ, ಅನ್ನ-ನೀರು, ದೇಹದ ಚಲನೆ-ವಿಶ್ರಾಂತಿ, ಮನಸ್ಸಿನ ಚಲನೆ-ವಿಶ್ರಾಂತಿ, ನಿದ್ದೆ-ಎಚ್ಚರ, ಮಲಮೂತ್ರಾದಿಗಳ ವಿಸರ್ಜನೆ ಈ ಆರನ್ನು ಹದವಾಗಿಟ್ಟುಕೊಳ್ಳಬೇಕು ಎಂಬುದು ಯುನಾನಿಯ 'ಅಸ್ಬಾಬೆ ಸಿತ್ತಾ ಝರೂರಿಯಾ' ಪಾಠ. ಮುಟ್ಟು ಬೇಗ ನಿಂತವರಿಗೆ ಇದು ಹೇಳಿ ಮಾಡಿಸಿದಂತಿದೆ. ರಾಗಿ, ಹಾಲು-ಮೊಸರು, ಎಳ್ಳು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಮೂಳೆಗೆ ಬಲ. ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ಮನೆಯ ಅಂಗಳದಲ್ಲೋ ತಾರಸಿಯಲ್ಲೋ ಬಿಸಿಲು ಮೈಗೆ ಬೀಳಲಿ. ಬಿಸಿಹಬೆ ಹೆಚ್ಚಿರುವವರು ರಾತ್ರಿ ಮಸಾಲೆ, ಚಹಾ-ಕಾಫಿ ಕಡಿಮೆ ಮಾಡಿ. ಬೀಡಿ-ಸಿಗರೇಟಿನ ಹೊಗೆಯನ್ನು ಮನೆಯಿಂದ ಹೊರಗಿಡಿ.

ನಿಂತ ಮೇಲೆ ಮತ್ತೆ ರಕ್ತ ಕಂಡರೆ

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಪರೀಕ್ಷೆ ಮಾಡಿಸಲೇಬೇಕು. ನಮ್ಮ ಎಷ್ಟೋ ಸಹೋದರಿಯರು ಇದನ್ನು ನಮಾಝಿನ ಪ್ರಶ್ನೆಯಾಗಿ ಮಾತ್ರ ನೋಡುತ್ತಾರೆ. ಇದು ಹೈಝ್ ಹೌದೇ, ಇಸ್ತಿಹಾಝಾ ಹೌದೇ ಎಂದು ಆಲಿಮರಲ್ಲಿ ಕೇಳಿ ಉತ್ತರ ಪಡೆದು ಸುಮ್ಮನಾಗುತ್ತಾರೆ. ಅದನ್ನು ಕೇಳುವುದು ಸರಿಯೇ. ಆದರೆ ರಕ್ತ ಎಲ್ಲಿಂದ ಬಂತು, ಏಕೆ ಬಂತು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ವೈದ್ಯರು. ಹೀಗೆ ರಕ್ತ ಕಂಡ ನೂರು ಮಹಿಳೆಯರಲ್ಲಿ ಸುಮಾರು ಒಂಬತ್ತು ಮಂದಿಗೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಇರುತ್ತದೆ. ಬೇಗ ಗೊತ್ತಾದರೆ ಬಹುತೇಕ ಗುಣವಾಗುತ್ತದೆ. ವಾರಗಟ್ಟಲೆ ಹೊಟ್ಟೆ ಉಬ್ಬರಿಸುವುದು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಕೆಳಹೊಟ್ಟೆ ನೋವು, ಪದೇಪದೇ ಮೂತ್ರ ಇವನ್ನು ಬರೀ ಗ್ಯಾಸ್ ಎಂದು ತಳ್ಳಿಹಾಕಬೇಡಿ. ಅಂಡಾಶಯದ ಕ್ಯಾನ್ಸರ್ ಹೀಗೆಯೇ ಸದ್ದಿಲ್ಲದೆ ಶುರುವಾಗುತ್ತದೆ.

ಈ ವಾರವೇ ಒಂದು ಹಾಳೆ ತೆಗೆದುಕೊಳ್ಳಿ. ಎಡಕ್ಕೆ ತಾಯಿಯ ಕಡೆ, ಬಲಕ್ಕೆ ತಂದೆಯ ಕಡೆ ಬರೆಯಿರಿ. ಅಜ್ಜ-ಅಜ್ಜಿ, ಚಿಕ್ಕಮ್ಮ-ದೊಡ್ಡಮ್ಮ, ಮಾವ, ಸೋದರತ್ತೆ, ಚಿಕ್ಕಪ್ಪ-ದೊಡ್ಡಪ್ಪ, ಒಡಹುಟ್ಟಿದವರು. ಯಾರಿಗೆ ಯಾವ ಕ್ಯಾನ್ಸರ್, ಯಾವ ವಯಸ್ಸಿನಲ್ಲಿ? ಹೆಂಗಸರಿಗೆ ಮುಟ್ಟು ಯಾವಾಗ ನಿಂತಿತು, ತಾನಾಗಿಯೋ ಆಪರೇಷನ್ನಿನಿಂದಲೋ? ಮನೆಯ ಹಿರಿಯ ಹೆಂಗಸರು ಬದುಕಿರುವಾಗಲೇ ಕೇಳಿ ತುಂಬಿಸಿ. ಅವರಿಗೆ ಮಾತ್ರ ಗೊತ್ತಿರುವ ಸಂಗತಿಗಳು ಇದರಲ್ಲಿ ಎಷ್ಟೋ ಇರುತ್ತವೆ. ಆ ಹಾಳೆಯನ್ನು ರೇಶನ್ ಕಾರ್ಡಿನ ಜೊತೆಗೇ ಇಡಿ, ವೈದ್ಯರಲ್ಲಿಗೆ ಹೋಗುವಾಗ ಕೊಂಡೊಯ್ಯಿರಿ.